ಎಲೆಯ ದಪ್ಪ

ಜೀಪಿನಡಿಗೆ ನುಸುಳುವವಳು ನಾನೇ.
ಬಾಬು ಮಣಿಯಾಣಿಯ ಹೊಟ್ಟೆ ಆ್ಯಕ್ಸಲಿಗೆ ತಾಗುತ್ತದೆ,
ಅದಕ್ಕೆ ಅವರು ಹೊರಗೆ ಕೂತು
ಸ್ಪ್ಯಾನರು ದಾಟಿಸುತ್ತಾರೆ,
ಹೆಚ್ಚಾಗಿ ತಪ್ಪು ನಂಬರಿನದು.

ಗೋಣಿ ಹಾಸಿ ಮಲಗಿದರೆ
ಮೇಲೆ ಇಪ್ಪತ್ತೆಂಟು ವರ್ಷದ ಕೆಂಪು ಆಕಾಶ.
ಕೋರೆಯ ಮಣ್ಣು. ಕೆರೆದಷ್ಟೂ ಉಂಟು.
ನಮ್ಮಲ್ಲಿಗೆ ಬರುವ ಮೊದಲು ಇದು
ಧರ್ಮತ್ತಡ್ಕದ ಆಚೆ ಕೆಂಪುಕಲ್ಲಿನ ಹೊಂಡಗಳಲ್ಲಿ
ಡೀಸೆಲ್ ಡ್ರಮ್ಮು, ಗರಗಸದ ಅಲಗು, ಊಟದ ಬುತ್ತಿ,
ಒಮ್ಮೆ ಕಾಲು ಜಜ್ಜಿಹೋದ ಹುಡುಗನನ್ನೂ ಹೊತ್ತಿತ್ತು.
ಕಲ್ಲು ಮುಗಿಯಿತು, ಹೊಂಡದಲ್ಲಿ ನೀರು ನಿಂತಿತು,
ಬಾಕಿ ಸಂಬಳದ ಬದಲು ಧಣಿಗಳು ಕೀಲಿಕೈ ಕೊಟ್ಟರು.
ಓಡಿದರೆ ನಿನ್ನ ಪುಣ್ಯ, ಅಂದರಂತೆ.

ಓಡಲಿಲ್ಲ. ದೂಡಿ ತಂದೆವು.

ಕಲ್ಲು ಕೊಯ್ಯುವ ಯಂತ್ರದ ಪಕ್ಕ ಹತ್ತೊಂಬತ್ತು ವರ್ಷ ನಿಂತು
ಅವರ ಎಡಗಿವಿ ಕೋರೆಗೇ ಸಂದುಹೋಗಿದೆ.
ಬಲಗಿವಿಗೆ ಅರ್ಧ ಕೇಳುತ್ತದೆ, ಅದೂ ತಮಗೆ ಬೇಕಾದ ಅರ್ಧ.
ಎಂಜಿನ್ನಿನ ಟಿಕ್ ಟಿಕ್ ಅವರಿಗೆ ತಿಳಿಯದು.
ನಾನು ಅಡಿಗೆಮನೆಯಿಂದಲೇ ಕೂಗುತ್ತೇನೆ
"ಎರಡನೆಯದ್ದು ಸಡಿಲ ಉಂಟು!"
"ಏನು, ಚಾ ಆಯಿತಾ?"

ಟ್ಯಾಪೆಟ್ ಕವರು ತೆಗೆದ ದಿನ
ಪೆರ್ಲದಿಂದ ಮೆಕ್ಯಾನಿಕ್ ಅಂದುಞಿ ಬಂದು
ಒಂದು ತೆಳು ತಗಡು ನನ್ನ ಕೈಗಿಟ್ಟ.
"ಬಿಗಿಯಾಗಿ ಜಾರಬೇಕು ಅಕ್ಕ, ಸಿಕ್ಕಿಬೀಳಬಾರದು.
ಹೇಳಿ ಆಗುವುದಲ್ಲ ಇದು, ಕೈಗೆ ಬರಬೇಕು."
ಕೈಗೆ ಬರಬೇಕಂತೆ!
ಇಪ್ಪತ್ತಾರು ವರ್ಷ, ದಿನಕ್ಕೆ ಎಂಟುನೂರು ಬೀಡಿ.
ಎಲೆ ಸುರುಳುವಾಗ ಒಂದು ಕೂದಲೆಳೆ ಬಿಗಿ ಹೆಚ್ಚಿದರೆ
ಹೊಗೆ ಬಾರದು,
ಕಡಿಮೆಯಾದರೆ ಹೊಗೆಸೊಪ್ಪು ಉದುರಿ
ಡಿಪೋದವನು ಕಟ್ಟು ಬದಿಗೆ ಬಿಸಾಡುತ್ತಾನೆ.
ಬಿಸಾಡಿದ್ದಕ್ಕೆ ಹಣ ಇಲ್ಲ.
ತಗಡು ತೂರಿಸಿದೆ. ಬೆರಳು ತಾನಾಗಿ ನಿಂತಿತು.
ಅಂದುಞಿ ಮತ್ತೆ ಏನೂ ಹೇಳಲಿಲ್ಲ,
ಚಾ ಕುಡಿದು ಹೋದ.

ಈಗ ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕು.
ಉಪ್ಪಳದ ಗುಜರಿಯಲ್ಲಿ ಮಗುಚಿ ಮಲಗಿದ್ದ ಬೊಲೆರೊದಿಂದ
ಕಳಚಿ ತಂದ ಪವರ್ ಸ್ಟೇರಿಂಗು.
ಹಳೆಯ ಬೋಲ್ಟು ಇಂಚಿನ ಲೆಕ್ಕ, ಹೊಸದು ಮಿಲ್ಲಿಮೀಟರು,
ಎರಡು ಸೆಟ್ಟು ಸ್ಪ್ಯಾನರು ಬೇಕು.
ಬೇಕಾದರೆ ಬೇಕು. ನಮ್ಮ ಮನೆಯಲ್ಲಿ
ರೇಶನ್ ಕಾರ್ಡು ಮಲಯಾಳ, ಓದಿದ್ದು ಕನ್ನಡ, ಬೈಯುವುದು ತುಳು.
ಯಾವುದಕ್ಕೆ ಯಾವುದು ಹಿಡಿಯುತ್ತದೆಂದು ಗೊತ್ತಿರಬೇಕು ಅಷ್ಟೆ,
ತಪ್ಪಿದರೆ ಮೂಲೆ ಸವೆಯುತ್ತದೆ.

ಫೋರ್ ವೀಲಿನ ಕೋಲು ಒಂದು ಇದೆ, ಅದು ಮುಂಗೋಪಿ.
ತಿಂಗಳಿಗೊಮ್ಮೆ ಪೊಸಡಿಗುಂಪೆಯ ಏರಿಗೆ ಒಯ್ದು
ಹಾಕಿ ತೆಗೆದು ಮಾಡದಿದ್ದರೆ
ಇದ್ದಲ್ಲೇ ಕಚ್ಚಿಕೊಂಡು ಕೂರುತ್ತದೆ.
ಮೇಲೆ ಹೋಗಿ ಸಮುದ್ರ ಕಾಣುತ್ತದಾ ನೋಡಿ
ಇಳಿದು ಬರುತ್ತೇವೆ. ಜೀಪಿನ ಮದ್ದಿಗೆ ಅಂತ
ಕೇಳಿದವರಿಗೆ ಹೇಳುವುದು.

ಮೊನ್ನೆ ಕಾಸರಗೋಡಿನ ಆಫೀಸಿನಲ್ಲಿ
ಚಾಸಿ ನಂಬರಿನ ಅಚ್ಚು ಬೇಕೆಂದರು.
ಕಾಗದ ಒತ್ತಿ, ಪೆನ್ಸಿಲು ಉಜ್ಜಿ ತರಬೇಕು.
ತುಕ್ಕು ಕೆರೆದೆ, ಸೀಮೆಎಣ್ಣೆಯಲ್ಲಿ ಒರೆಸಿದೆ, ಉಜ್ಜಿದೆ.
ಒಂದೊಂದೇ ಅಂಕೆ ಬೂದು ಕೆಸರಿನಿಂದ ಎದ್ದು ಬಂತು,
ಐದನೆಯದ್ದು ಬರಲಿಲ್ಲ.
ಮೂರೋ, ಎಂಟೋ.

ಹೆಡ್ಡು ಬೇರೆಯದು, ಟೈರು ಬೇರೆಯದು,
ಒಂದು ಬಾಗಿಲು ನೀಲಿ, ಸೀಟಿನ ರೆಕ್ಸಿನ್ ನಾನು ಹೊಲಿದದ್ದು.
ಇದು ಅದೇ ಜೀಪು ಎಂದು ಸಾಕ್ಷಿ ಹೇಳಲು
ಉಳಿದದ್ದು ಈ ಒಂದು ತುಕ್ಕಿನ ಗುಳಿ.

ಮೂರು ಕಾಗದ ಹಾಳಾಯಿತು.
ಪೆನ್ಸಿಲು ಬದಿಗಿಟ್ಟು, ಕಣ್ಣು ಮುಚ್ಚಿ
ಹೆಬ್ಬೆರಳು ಮೆಲ್ಲ ಆಡಿಸಿದೆ.
ಎಡಬದಿ ತೆರೆದಿತ್ತು.

"ಮೂರು!" ಅಂದೆ.
"ನೂರಾ?" ಹೊರಗಿನಿಂದ.
"ಮೂರು, ಮೂರು!"
"ಹಾಗೆ ಹೇಳು" ಅನ್ನುತ್ತ
ಹದಿಮೂರರ ಸ್ಪ್ಯಾನರು
ಕೆಳಗೆ ದಾಟಿಸಿದರು.